ಹಿಂದೆ ಓಡೋದು ಮೋಸಾನಾ? ಬೆಳಗಾವಿಯಿಂದ ಆಂಟ್‌ವರ್ಪ್‌ಗೆ ಹೋದ ಒಬ್ಬ ಓಟಗಾರನ ಕಥೆ

ಈ ಸಲದ ಬರಹ ಹುಟ್ಟಿದ್ದು ಕಾರಿನ ಹಿಂದಿನ ಸೀಟಿನಲ್ಲಿ.

ಅಕ್ಟೋಬರ್ ತಿಂಗಳ ಒಂದು ಶನಿವಾರ ಮಗಳ ಕ್ರಾಸ್ ಕಂಟ್ರಿ ಓಟ ಮುಗಿಸಿಕೊಂಡು ಡ್ಯಾನ್‌ವಿಲ್‌ಗೆ ವಾಪಸ್ ಬರ್ತಾ ಇದ್ವಿ. ಮೂರು ಮೈಲಿಯ ಓಟ. ಅವಳು ಅವತ್ತು ತನ್ನ ಜೀವನದಲ್ಲೇ ಅತಿ ವೇಗವಾಗಿ ಓಡಿದ್ದಳು. ಆದರೂ ಮುಖ ಊದಿಸಿಕೊಂಡು ಕೂತಿದ್ದಳು. ಎರಡೂ ಮುಕ್ಕಾಲು ಮೈಲಿ ಅವಳ ಬೆನ್ನಿಗೇ ಅಂಟಿಕೊಂಡು ಬಂದ ಬೇರೆ ಸ್ಕೂಲಿನ ಹುಡುಗಿ, ಕೊನೆಯ ಇನ್ನೂರು ಮೀಟರಿನಲ್ಲಿ ಪಕ್ಕಕ್ಕೆ ಸರಿದು, ಇವಳನ್ನು ದಾಟಿ ಹೋಗಿಬಿಟ್ಟಿದ್ದಳು.

"ಅಪ್ಪಾ, ಅವಳು ಇಡೀ ರೇಸು ನನ್ನ ಹಿಂದೇನೇ ಇದ್ಲು. ಎಲ್ಲ ಕೆಲಸ ನಾನು ಮಾಡಿದೆ. ಅದು ಮೋಸ ಅಲ್ವಾ?"

ನಾನು "ಅಲ್ಲ ಪುಟ್ಟಾ" ಅಂದೆ. ಯಾಕೆ ಅಲ್ಲ ಅಂತ ಕೇಳಿದಳು. ಐದು ನಿಮಿಷದಲ್ಲಿ ಹೇಳಿ ಮುಗಿಸೋಣ ಅಂದುಕೊಂಡೆ, ಆಗಲಿಲ್ಲ. ಆ ಉತ್ತರ ನೂರು ವರ್ಷ ಹಿಂದಕ್ಕೆ, ನಮ್ಮ ಬೆಳಗಾವಿಯ ತನಕ ಹೋಯಿತು. ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಜೋಡಿಸಿ ನಿಮಗೂ ಹೇಳ್ತೀನಿ.

ಮೊದಲು ಪುಣೆಗೆ ಹೋಗೋಣ. ವರ್ಷ 1919. ಅಲ್ಲಿನ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟಕ್ಕೆ ಉದ್ಯಮಿ ಸರ್ ದೊರಾಬ್ಜಿ ಟಾಟಾ ಬಂದಿದ್ದರು. ಓಡುತ್ತಿದ್ದವರಲ್ಲಿ ಬಹಳ ಜನ ಹಳ್ಳಿಯ ರೈತಾಪಿ ಹುಡುಗರು. ಕಾಲಿಗೆ ಚಪ್ಪಲಿ ಕೂಡ ಇಲ್ಲ. ಆದರೆ ಅವರ ಓಟ ನೋಡಿದ ಟಾಟಾ ಅವರಿಗೆ, ಇವರು ಯುರೋಪಿನ ಓಟಗಾರರ ಪಕ್ಕ ನಿಲ್ಲಬಲ್ಲವರು ಅನ್ನಿಸಿತು. ಮುಂಬಯಿಯ ಗವರ್ನರ್ ಸಹಾಯ ಕೇಳಿದರು, ತಮ್ಮ ಕೈಯಿಂದಲೂ ಹಣ ಹಾಕಿದರು. ಹಾಗೆ 1920ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಭಾರತದ ಮೊದಲ ತಂಡ ಹೊರಟಿತು. ನಾಲ್ಕಾರು ಓಟಗಾರರು, ಇಬ್ಬರು ಕುಸ್ತಿ ಪೈಲ್ವಾನರು, ಅಷ್ಟೇ.

ಆ ಓಟಗಾರರಲ್ಲಿ ಒಬ್ಬರು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಆಗ ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿತ್ತು. ಕರ್ನಾಟಕ ಒಂದಾಗುವುದಕ್ಕೆ ಇನ್ನೂ 36 ವರ್ಷ ಬಾಕಿ. ಆ ಊರಿನ ಬೀದಿಯಲ್ಲಿ ಕನ್ನಡ, ಮರಾಠಿ ಎರಡೂ ಒಟ್ಟೊಟ್ಟಿಗೇ ಕಿವಿಗೆ ಬೀಳುತ್ತವೆ, ಚೌಗುಲೆ ಅನ್ನುವ ಹೆಸರೂ ಎರಡೂ ಕಡೆ ಇದೆ. ಅವರು ನಮ್ಮವರೋ ಅವರವರೋ ಅನ್ನುವ ಜಗಳ ನಮಗೆ ಬೇಡ. ಓಡಿದ ಮನುಷ್ಯನನ್ನು ನೋಡೋಣ.

ಚೌಗುಲೆ ಎರಡು ಓಟಗಳಿಗೆ ಇಳಿದರು. 10,000 ಮೀಟರಿನಲ್ಲಿ ಮೊದಲ ಸುತ್ತು ದಾಟಿ ಫೈನಲ್ ತಲುಪಲಿಲ್ಲ. ಕೆಲವೇ ದಿನ ಕಳೆದು, ಆಗಸ್ಟ್ 22ಕ್ಕೆ, ಮ್ಯಾರಥಾನ್ ಓಡಿದರು. ಅವತ್ತಿನ ದಾರಿ ಈಗಿನ 42.195 ಕಿಲೋಮೀಟರಿಗಿಂತ ಉದ್ದ, 42.75 ಕಿಲೋಮೀಟರ್. ಒಲಿಂಪಿಕ್ಸ್ ಇತಿಹಾಸದಲ್ಲೇ ಅತಿ ಉದ್ದದ ಮ್ಯಾರಥಾನ್ ಅದು. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೇ ಸ್ಥಾನ ಪಡೆದರು.

ನೀವು ಓಡುವವರಾದರೆ ಲೆಕ್ಕ ಹಾಕಿ ನೋಡಿ. ಕಿಲೋಮೀಟರಿಗೆ ನಾಲ್ಕು ನಿಮಿಷಕ್ಕಿಂತ ಕೂದಲೆಳೆಯಷ್ಟು ಕಡಿಮೆ. ನಮ್ಮ ಅಮೆರಿಕದ ಅಳತೆಯಲ್ಲಿ ಮೈಲಿಗೆ ಸುಮಾರು 6 ನಿಮಿಷ 26 ಸೆಕೆಂಡು, ಅದೂ 26 ಮೈಲಿಗೂ ಮೀರಿ. ನಾನಂತೂ ಡ್ಯಾನ್‌ವಿಲ್‌ನ ಐರನ್ ಹಾರ್ಸ್ ಟ್ರೇಲ್‌ನಲ್ಲಿ ಆ ವೇಗದಲ್ಲಿ ಒಂದು ಮೈಲಿ ಓಡೋಕೆ ಹೋಗಿ ಮಧ್ಯದಲ್ಲೇ ಬೆಂಚು ಹುಡುಕಿದೆ.

ಅವತ್ತು ಗೆದ್ದವರು ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್, 2 ಗಂಟೆ 32 ನಿಮಿಷ 35.8 ಸೆಕೆಂಡು. ಚೌಗುಲೆ ಅವರಿಗಿಂತ 18 ನಿಮಿಷ ಹಿಂದೆ. ಆದರೆ ಎರಡನೆಯವರಾದ ಎಸ್ಟೋನಿಯಾದ ಯೂರಿ ಲಾಸ್‌ಮನ್ ಎಷ್ಟು ಹಿಂದಿದ್ದರು ಗೊತ್ತಾ? ಬರೀ 12.8 ಸೆಕೆಂಡು! ಮೊದಲರ್ಧದಲ್ಲಿ ಮುಂದಿದ್ದು ದಾರಿ ಬಿಡಿಸಿದವರು ದಕ್ಷಿಣ ಆಫ್ರಿಕಾದ ಕ್ರಿಸ್ಟಿಯನ್ ಗಿಟ್‌ಶಾಮ್. ಕಾಲಿನ ತೊಂದರೆಯಾಗಿ ಅವರು ಓಟವನ್ನೇ ಬಿಡಬೇಕಾಯಿತು. ಕೊಲೆಹ್ಮೈನೆನ್‌ಗೆ ಆಗಲೇ 1912ರ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದ ಅನುಭವವಿತ್ತು. ಯಾರ ಜೊತೆ ಎಷ್ಟು ದೂರ ಓಡಬೇಕು, ಯಾವಾಗ ಬಿಟ್ಟು ಮುಂದೆ ಹೋಗಬೇಕು ಅನ್ನೋದನ್ನು ಅವರು ಕಲಿತಿದ್ದರು.

ಈಗ ಮಗಳ ಪ್ರಶ್ನೆಗೆ ಬರ್ತೀನಿ. ಅದೇ ಆಂಟ್‌ವರ್ಪ್‌ನಲ್ಲಿ, ಅದೇ ವಾರ, ಇನ್ನೊಬ್ಬ ಫಿನ್ಲೆಂಡಿನ ಹುಡುಗ ಇದೇ ಪ್ರಶ್ನೆಯನ್ನು ಕಾಲಿನಲ್ಲೇ ಕೇಳಿ, ಕಾಲಿನಲ್ಲೇ ಉತ್ತರ ಕಂಡುಕೊಂಡ. ಹೆಸರು ಪಾವೊ ನುರ್ಮಿ. ವಯಸ್ಸು 23, ಮೊದಲ ಒಲಿಂಪಿಕ್ಸ್.

ಆಗಸ್ಟ್ 17, 5,000 ಮೀಟರ್ ಫೈನಲ್. ನುರ್ಮಿ ಮುಂದೆ ಬಂದು ವೇಗ ಹೆಚ್ಚಿಸಿದರು. ಒಬ್ಬೊಬ್ಬರಾಗಿ ಎಲ್ಲ ಹಿಂದೆ ಬಿದ್ದರು, ಫ್ರಾನ್ಸಿನ ಜೋಸೆಫ್ ಗಿಯೆಮೊ ಒಬ್ಬರನ್ನು ಬಿಟ್ಟು. ಗಿಯೆಮೊ ಬೆನ್ನಿಗೇ ಅಂಟಿಕೊಂಡು ಬಂದು, ಕೊನೆಯ ಸುತ್ತಿನಲ್ಲಿ ದಾಟಿ, ನಾಲ್ಕು ಸೆಕೆಂಡಿಗೂ ಹೆಚ್ಚು ಅಂತರದಿಂದ ಗೆದ್ದರು. ನನ್ನ ಮಗಳಿಗೆ ಆದದ್ದೇ!

ಮೂರು ದಿನ ಬಿಟ್ಟು, ಆಗಸ್ಟ್ 20, 10,000 ಮೀಟರ್ ಫೈನಲ್. ಈ ಸಲ ನುರ್ಮಿ ಅವಸರ ಮಾಡಲಿಲ್ಲ. ಬ್ರಿಟನ್ನಿನ ಜೇಮ್ಸ್ ವಿಲ್ಸನ್ ಮುಂದೆ ಓಡಲಿ ಅಂತ ಬಿಟ್ಟುಕೊಟ್ಟರು. ಕೊನೆಯಲ್ಲಿ ಗಿಯೆಮೊ ಮತ್ತೆ ಮುಂದೆ ಹೋದರು. ಆದರೆ ಈಗ ನುರ್ಮಿಯ ಕಾಲಲ್ಲಿ ಇನ್ನೂ ಕಸುವು ಉಳಿದಿತ್ತು. ಕೊನೆಯ ನೇರ ದಾರಿಯಲ್ಲಿ ದಾಟಿದರು. 31 ನಿಮಿಷ 45.8 ಸೆಕೆಂಡು, ಗೆಲುವಿನ ಅಂತರ 1.4 ಸೆಕೆಂಡು. ಅವರ ಒಂಬತ್ತು ಒಲಿಂಪಿಕ್ ಚಿನ್ನಗಳಲ್ಲಿ ಮೊದಲನೆಯದು ಅದು. ನಮ್ಮ ಚೌಗುಲೆ ಫೈನಲ್ ತಲುಪದೆ ಹೋದ ಓಟವೂ ಅದೇ.

ನೋಡಿ, ಮೂರು ದಿನದಲ್ಲಿ ನುರ್ಮಿಯ ಶ್ವಾಸಕೋಶ ದೊಡ್ಡದಾಗಲಿಲ್ಲ. ಬದಲಾಗಿದ್ದು ತಿಳಿವಳಿಕೆ. ಮುಂದೆ ಓಡುವವರು ಎರಡು ಭಾರ ಹೊರುತ್ತಾರೆ. ಒಂದು, ಗಾಳಿ, ಅದನ್ನು ಸೀಳುವ ಕೆಲಸ ಅವರದ್ದು. ಇನ್ನೊಂದು, ಯೋಚನೆ, ಎಷ್ಟು ವೇಗ, ಹಿಂದೆ ಯಾರಿದ್ದಾರೆ, ಅವರ ಉಸಿರು ಹೇಗಿದೆ. ಹಿಂದೆ ಇರುವವರಿಗೆ ಇವೆರಡೂ ಹಗುರ. ಆದರೆ ಅವರಿಗೂ ಬೇರೆ ಅಪಾಯ ಇದೆ. ಗುಂಪಿನ ಒಳಗೆ ಸಿಕ್ಕಿಹಾಕಿಕೊಂಡರೆ ಹೊರಬರಲು ದಾರಿ ಸಿಗದು. ಕಾಯುತ್ತಾ ಕೂತರೆ ಮುಂದಿನವರು ಕೈಗೆ ಸಿಗದಷ್ಟು ದೂರ ಹೋಗಿಬಿಡಬಹುದು. ಅಂದ್ರೆ ಹಿಂದೆ ಓಡೋದು ಮೋಸ ಅಲ್ಲ, ಪುಕ್ಕಟೆಯೂ ಅಲ್ಲ.

ಇದು ಗಡಿಯಾರಕ್ಕೆ ಕಾಣದ ವಿಷಯ. ರಿಯೊ ಒಲಿಂಪಿಕ್ಸ್ 2016ರ 1,500 ಮೀಟರ್ ಫೈನಲ್ ನೆನಪಿದೆಯಾ? ಅಮೆರಿಕದ ಮ್ಯಾಥ್ಯೂ ಸೆಂಟ್ರೊವಿಟ್ಜ್ ಮುಂದೆ ಇದ್ದುಕೊಂಡೇ ಓಟವನ್ನು ನಿಧಾನ ಮಾಡಿ, ಕೊನೆಯಲ್ಲಿ ಯಾರಿಗೂ ಜಾಗ ಬಿಡದೆ ಗೆದ್ದರು. ಸಮಯ 3 ನಿಮಿಷ 50 ಸೆಕೆಂಡು, 1932ರ ನಂತರದ ಅತಿ ನಿಧಾನದ ಚಿನ್ನ. ಎಂಟು ವರ್ಷ ಬಿಟ್ಟು ಪ್ಯಾರಿಸ್‌ನಲ್ಲಿ ನಾರ್ವೆಯ ಯಾಕೊಬ್ ಇಂಗೆಬ್ರಿಗ್ಟ್‌ಸೆನ್ ಮೊದಲಿಂದಲೇ ಜೋರಾಗಿ ಎಳೆದರು, ಕೊನೆಗೆ ನಾಲ್ಕನೆಯವರಾದರು. ಹಿಂದೆ ಕಾದಿದ್ದ ಅಮೆರಿಕದ ಕೋಲ್ ಹಾಕರ್ 3 ನಿಮಿಷ 27.65 ಸೆಕೆಂಡಿನಲ್ಲಿ ಗೆದ್ದರು. ಎರಡು ಚಿನ್ನಗಳ ನಡುವೆ 22 ಸೆಕೆಂಡಿನ ವ್ಯತ್ಯಾಸ. ಪದಕದ ತೂಕದಲ್ಲಿ ವ್ಯತ್ಯಾಸ ಇಲ್ಲ.

ಹಂಗಂತ ಯಾವಾಗಲೂ ಹಿಂದೆಯೇ ಇರಬೇಕು ಅಂತಲ್ಲ. ಮೆಕ್ಸಿಕೊ ನಗರದಲ್ಲಿ 1968ರಲ್ಲಿ, 2,200 ಮೀಟರಿಗೂ ಎತ್ತರದ ಜಾಗದಲ್ಲಿ, ಕೀನ್ಯಾದ ಕಿಪ್ ಕೇನೊ 1,500 ಮೀಟರಿನಲ್ಲಿ ಬೇಗನೆ ಮುಂದೆ ಹೋಗಿ, ಕೊನೆಯ ಓಟಕ್ಕೆ ಹೆಸರಾದ ಜಿಮ್ ರಯನ್ ಅವರಿಗೆ ಹತ್ತಿರ ಬರಲೂ ಬಿಡಲಿಲ್ಲ. ಮೊದಲ ಸುತ್ತನ್ನು ಬಿರುಸಾಗಿ ಓಡಿ ದಾರಿ ಮಾಡಿಕೊಟ್ಟವರು ಅವರ ಜೊತೆಗಾರ ಬೆನ್ ಜಿಪ್ಚೊ. ತನ್ನ ಬಲ ಯಾವುದು, ಎದುರಿನವರ ಬಲ ಯಾವುದು ಅಂತ ಗೊತ್ತಿದ್ದರೆ ಮುಂದೆ ಓಡೋದೂ ಒಂದು ಪಟ್ಟೇ.

ಪಟ್ಟು ಅಂದೆ. ಕುಸ್ತಿಯ ಮಾತು ಅದು, ಎದುರಾಳಿಯನ್ನು ಹಿಡಿದು ಕೆಡಹುವ ಬಗೆ. ಚೌಗುಲೆ ಅವರ ಕಥೆಯ ತಿರುಳೂ ನನಗೆ ಇಲ್ಲೇ ಕಾಣುತ್ತದೆ.

ಬೆಳಗಾವಿ, ಕೊಲ್ಹಾಪುರದ ಕಡೆ ಊರೂರಲ್ಲಿ ಗರಡಿ ಮನೆ. ಕೆಂಪು ಮಣ್ಣಿನ ಅಖಾಡ, ಹೇಳಿಕೊಡಲು ಉಸ್ತಾದ, ಜೊತೆಗೆ ಹಿಡಿಯಲು ಹತ್ತು ಹುಡುಗರು. ಜಾತ್ರೆ ಬಂದರೆ ನಿಜವಾದ ಪಂದ್ಯ. ಒಂದು ಪಟ್ಟು ಹಾಕಿದರೆ ಬಿಡಿಸಿಕೊಳ್ಳುವ ಇನ್ನೊಂದು ಪಟ್ಟು, ತಲೆಮಾರಿನಿಂದ ತಲೆಮಾರಿಗೆ. ಆಂಟ್‌ವರ್ಪ್‌ಗೆ ಹೋದ ಇಬ್ಬರು ಪೈಲ್ವಾನರಲ್ಲಿ ರಣಧೀರ್ ಶಿಂದೆ, ಹೋದ ಮೊದಲ ಒಲಿಂಪಿಕ್ಸಿನಲ್ಲೇ 4ನೇ ಸ್ಥಾನ ಪಡೆದರು. ಪದಕ ಒಂದೇ ಮೆಟ್ಟಿಲು ದೂರ.

ಚೌಗುಲೆ ಅವರ ಕಾಲು, ಉಸಿರು ಯಾರಿಗೂ ಕಡಿಮೆ ಇರಲಿಲ್ಲ. ಕಡಿಮೆ ಇದ್ದದ್ದು ಗರಡಿ. ಓಟಕ್ಕೆ ನಮ್ಮಲ್ಲಿ ಗರಡಿ ಇರಲಿಲ್ಲ. ಫಿನ್ಲೆಂಡಿನಲ್ಲಿ ಇತ್ತು. ಕೊಲೆಹ್ಮೈನೆನ್ 1912ರಲ್ಲಿ ಗೆದ್ದ ಸುದ್ದಿಯಿಂದ ಹುರುಪುಗೊಂಡು 15 ವರ್ಷದ ನುರ್ಮಿ ತನ್ನ ಮೊದಲ ಜೊತೆ ಓಟದ ಬೂಟು ಕೊಂಡ. ಎಂಟು ವರ್ಷ ಕಳೆದ ಮೇಲೆ ಇಬ್ಬರೂ ಒಂದೇ ತಂಡದಲ್ಲಿ ಚಿನ್ನ ಗೆದ್ದರು. ಆಮೇಲೆ ವಿಲ್ಲೆ ರಿಟೊಲಾ ಬಂದರು. ಎಷ್ಟೋ ವರ್ಷದ ನಂತರ, 1972ರಲ್ಲಿ, ಲಾಸ್ಸೆ ವಿರೆನ್ 10,000 ಮೀಟರಿನ ಮಧ್ಯೆ ನೆಲಕ್ಕೆ ಬಿದ್ದು, ಎದ್ದು, ವಿಶ್ವದಾಖಲೆ ಮಾಡಿ ಗೆದ್ದರು. ಒಬ್ಬರ ಬೆನ್ನು ಕಂಡು ಇನ್ನೊಬ್ಬರು ಓಡಿದರು.

ಚೌಗುಲೆ ಅವರ ಬೆನ್ನು ಕಂಡು ಯಾರು ಓಡಿದರು? ಆ ಸಾಲು ಮುಂದುವರಿಯಲಿಲ್ಲ. ನಮ್ಮಲ್ಲಿ ಒಬ್ಬೊಬ್ಬರೇ ಎದ್ದು ಬಂದರು. ಮಾಂಟ್ರಿಯಲ್ ಒಲಿಂಪಿಕ್ಸ್, 1976: ಶಿವನಾಥ್ ಸಿಂಗ್ ಮ್ಯಾರಥಾನಿನಲ್ಲಿ 11ನೆಯವರಾದರು. ಅದೇ ಕೂಟದ 800 ಮೀಟರ್ ಫೈನಲ್‌ನಲ್ಲಿ ರಾಜಸ್ಥಾನದ ಶ್ರೀರಾಮ್ ಸಿಂಗ್ ಮೊದಲ ಸುತ್ತನ್ನು 51 ಸೆಕೆಂಡಿಗೂ ಕಡಿಮೆ ಸಮಯದಲ್ಲಿ ಎಳೆದರು. ಅವರ ಜೊತೆಯಲ್ಲೇ ಬಂದ ಕ್ಯೂಬಾದ ಅಲ್ಬರ್ಟೊ ಹ್ವಾಂಟೊರೆನಾ 1 ನಿಮಿಷ 43.50 ಸೆಕೆಂಡಿನ ವಿಶ್ವದಾಖಲೆಯೊಂದಿಗೆ ಗೆದ್ದರು. ಶ್ರೀರಾಮ್ 7ನೇ ಸ್ಥಾನ, 1 ನಿಮಿಷ 45.77 ಸೆಕೆಂಡು. ಆ ಭಾರತೀಯ ದಾಖಲೆಯನ್ನು ಮುರಿಯಲು 2018ರ ತನಕ, 42 ವರ್ಷ, ಕಾಯಬೇಕಾಯಿತು. ಮುಂದೆ ಓಡಿ ಸೋತರು ಅಂತೀರಾ? ಜಗತ್ತಿನ ದಾಖಲೆಯೊಂದಕ್ಕೆ ಅರ್ಧ ದಾರಿ ಹಾಕಿಕೊಟ್ಟರು, ನಮಗೆ ನಾಲ್ಕು ದಶಕದ ಗುರಿ ಬಿಟ್ಟುಹೋದರು. ನಾನಂತೂ ಅದನ್ನು ಸೋಲು ಅನ್ನಲ್ಲ.

ಈಗ ಸಾಲು ಕಟ್ಟಲು ಶುರುವಾದ ಹಾಗಿದೆ. ಸೇನೆಯ ಓಟಗಾರ ಗುಲ್ವೀರ್ ಸಿಂಗ್ 2025ರ ಮಾರ್ಚ್‌ನಲ್ಲಿ ನಮ್ಮದೇ ಕ್ಯಾಲಿಫೋರ್ನಿಯಾದ ಸ್ಯಾನ್ ಹುವಾನ್ ಕ್ಯಾಪಿಸ್ಟ್ರಾನೊದಲ್ಲಿ 10,000 ಮೀಟರನ್ನು 27 ನಿಮಿಷ 0.22 ಸೆಕೆಂಡಿನಲ್ಲಿ ಓಡಿದರು. ರಾಷ್ಟ್ರೀಯ ದಾಖಲೆ, ಆದರೆ ಆ ಓಟ ಗೆಲ್ಲಲಿಲ್ಲ. ಎರಡು ತಿಂಗಳಿಗೆ ದಕ್ಷಿಣ ಕೊರಿಯಾದ ಗುಮಿಯಲ್ಲಿ ಏಷ್ಯನ್ ಚಾಂಪಿಯನ್‌ಷಿಪ್. ಅಲ್ಲಿ ಅದೇ ದೂರಕ್ಕೆ ತೆಗೆದುಕೊಂಡದ್ದು 28 ನಿಮಿಷ 38.63 ಸೆಕೆಂಡು, ಅಂದರೆ 98 ಸೆಕೆಂಡು ನಿಧಾನ. ಗೆದ್ದದ್ದು ಚಿನ್ನ. ಒಂದು ಕಡೆ ಗಡಿಯಾರದ ಜೊತೆ ಓಡಿದರು, ಇನ್ನೊಂದು ಕಡೆ ಮನುಷ್ಯರ ಜೊತೆ. ಎರಡನ್ನೂ ಕಲಿತರು, ಜೊತೆಗೆ ಓಡುವವರು ಇದ್ದರು.

ನಮ್ಮ ಮಕ್ಕಳಿಗೂ ಈ ಗರಡಿ ಇಲ್ಲಿ ಸಿಕ್ಕಿದೆ, ನಾವು ಅಪ್ಪ-ಅಮ್ಮಂದಿರು ಗಮನಿಸಿಲ್ಲ ಅಷ್ಟೇ. ನಾವು ಫೋನಿನಲ್ಲಿ ಸಮಯ ನೋಡ್ತೀವಿ, ಎಷ್ಟು ಸೆಕೆಂಡು ಕಡಿಮೆಯಾಯ್ತು ಅಂತ ಕೇಳ್ತೀವಿ. ಕ್ರಾಸ್ ಕಂಟ್ರಿಯಲ್ಲಿ ಲೆಕ್ಕಕ್ಕೆ ಬರೋದು ಸಮಯವೇ ಅಲ್ಲ. ತಂಡದ ಮೊದಲ ಐದು ಜನರ ಸ್ಥಾನಗಳನ್ನು ಕೂಡಿಸುತ್ತಾರೆ, ಯಾರ ಮೊತ್ತ ಕಡಿಮೆಯೋ ಅವರು ಗೆದ್ದ ಹಾಗೆ. ಐದನೆಯ ಹುಡುಗಿ ಒಬ್ಬಳನ್ನು ದಾಟಿದರೆ ಅದು ಮೊದಲನೆಯವಳು ದಾಟಿದಷ್ಟೇ ಬೆಲೆ.

ಇಷ್ಟೆಲ್ಲ ಕೇಳಿ ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಚೌಗುಲೆ ಅಜ್ಜ ಮ್ಯಾರಥಾನಲ್ಲಿ ಯಾರ ಜೊತೆ ಓಡಿದ್ರು?"

ತಂಡದಿಂದ ಮ್ಯಾರಥಾನಿಗೆ ಇಳಿದ ಇನ್ನೊಬ್ಬರು ಸದಾಶಿವ ದಾತಾರ್. ಅವರಿಗೆ ಓಟ ಮುಗಿಸಲಾಗಲಿಲ್ಲ. ಭಾರತದಿಂದ ಕೊನೆಯ ಗೆರೆ ದಾಟಿದವರು ಚೌಗುಲೆ ಒಬ್ಬರೇ.

ಮರುದಿನ ಬೆಳಗ್ಗೆ ಐರನ್ ಹಾರ್ಸ್ ಟ್ರೇಲ್‌ಗೆ ಅವಳನ್ನು ಬಿಡಲು ಹೋದೆ. ಹಳೇ ರೈಲು ಹಳಿಯ ದಾರಿ ಅದು, ಪೂರ್ವಕ್ಕೆ ನೋಡಿದರೆ ಡಯಾಬ್ಲೊ ಬೆಟ್ಟ. ತಂಡದ ಏಳು ಹುಡುಗಿಯರು ಸಾಲಾಗಿ ಓಡ್ತಾ ಇದ್ದರು. ಸ್ವಲ್ಪ ಹೊತ್ತಿಗೊಮ್ಮೆ ಮುಂದಿದ್ದವಳು ಪಕ್ಕಕ್ಕೆ ಸರಿದು ಸಾಲಿನ ಕೊನೆಗೆ ಬರ್ತಾಳೆ, ಮುಂದಿನವಳು ಗಾಳಿಗೆ ಎದೆ ಕೊಡ್ತಾಳೆ. ನನ್ನ ಮಗಳ ಸರದಿ ಬಂದಾಗ ಅವಳು ಹಿಂತಿರುಗಿ ನೋಡಲಿಲ್ಲ. ಹಿಂದೆ ಆರು ಜನ ಇದ್ದಾರೆ ಅಂತ ಅವಳಿಗೆ ಗೊತ್ತಿತ್ತು.

ಮುಂದಿನ ಸಲ ನಿಮ್ಮ ಮನೆಯ ಮಗು ಓಡಿ ಬಂದಾಗ, ಸಮಯ ಎಷ್ಟು ಅಂತ ಕೇಳುವ ಮೊದಲು, ಯಾರ ಜೊತೆ ಓಡಿದೆ ಅಂತ ಕೇಳಿ ನೋಡಿ. ಜೊತೆಗೆ ಬೆಳಗಾವಿಯ ಆ ಓಟಗಾರನ ಹೆಸರನ್ನೂ ಒಮ್ಮೆ ಹೇಳಿ.