ಸೊನ್ನೆಯನ್ನು ಕಾಯುವ ಕೆಲಸ

ಪುಣೆ ಪಕ್ಕದ ಪಿಂಪ್ರಿ-ಚಿಂಚವಾಡಕ್ಕೆ ಸೇರಿದ ಭೋಸರಿ, ವಾಹನಗಳ ಬಿಡಿಭಾಗ ತಯಾರಿಸುವ ಶೆಡ್‌ಗಳ ಊರು. ಅಲ್ಲಿ ಗಾಳಿಯನ್ನು ಅಳೆಯುವ ಕೇಂದ್ರವೊಂದಿದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ಕಟ್ಟಿದ ‘ಸಫರ್’ ಜಾಲಕ್ಕೆ ಅದು ಸೇರಿದೆ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ ದೆಹಲಿಯಲ್ಲಿ ಶುರುವಾದ ಈ ಜಾಲ 2013ರಲ್ಲಿ ಪುಣೆಗೆ ಬಂತು.

ಇಂಥ ಕೇಂದ್ರವೊಂದರಲ್ಲಿ ನೈಟ್ರೋಜನ್ ಡೈಆಕ್ಸೈಡ್‌ನ ಅಂಕಿ ವರ್ಷದಲ್ಲಿ ಶೇ. 10ರಷ್ಟು ಇಳಿಯಿತು ಎಂದುಕೊಳ್ಳೋಣ. ಗಾಳಿ ಶುದ್ಧವಾಗಿರಬಹುದು, ಇಲ್ಲವೇ ಯಂತ್ರಕ್ಕೆ ವಯಸ್ಸಾಗಿರಬಹುದು. ಅಂಕಿಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಯಾವುದು ನಿಜ ಎಂದು ಅದು ಹೇಳುವುದಿಲ್ಲ. 2009ರ ರಾಷ್ಟ್ರೀಯ ಮಾನದಂಡದಂತೆ ಈ ಅನಿಲದ 24 ಗಂಟೆಗಳ ಮಿತಿ ಘನ ಮೀಟರಿಗೆ 80 ಮೈಕ್ರೋಗ್ರಾಂ. ನಿಜವಾದ 84 ಅನ್ನು ಯಂತ್ರ 76 ಎಂದು ತೋರಿಸಿದರೆ, ಮೀರಿದ ಮಿತಿ ಕಾಗದದ ಮೇಲೆ ಮೀರಿಲ್ಲ. ಅಳತೆ ಹೀಗೆ ಮೆಲ್ಲಗೆ ಜಾರುವುದಕ್ಕೆ ‘ಡ್ರಿಫ್ಟ್’ ಎನ್ನುತ್ತಾರೆ.

ಗಣಿಗಳ ಒಂದು ಹಳೆಯ ಅನಿಲಸೂಚಕಕ್ಕೆ ಈ ತೊಂದರೆ ಇರಲಿಲ್ಲ, ಏಕೆಂದರೆ ಅದೊಂದು ಹಕ್ಕಿ. 19ನೇ ಶತಮಾನದ ಕೊನೆಯಲ್ಲಿ ಜಾನ್ ಸ್ಕಾಟ್ ಹಾಲ್ಡೇನ್, ಕಾರ್ಬನ್ ಮಾನಾಕ್ಸೈಡ್ ಪತ್ತೆಗೆ ಸಣ್ಣ ಪ್ರಾಣಿಗಳನ್ನು ಗಣಿಗೆ ಒಯ್ಯಲು ಸೂಚಿಸಿದರು. ಕ್ಯಾನರಿ ಹಕ್ಕಿಗಳನ್ನು ಬ್ರಿಟನ್ ಕೈಬಿಡಲು ನಿರ್ಧರಿಸಿದ್ದು 1986ರಲ್ಲಿ. ಹಕ್ಕಿ ಅಂಕಿ ಹೇಳುತ್ತಿರಲಿಲ್ಲ, ಅಪಾಯ ಮಾತ್ರ ಹೇಳುತ್ತಿತ್ತು.

ಅಂಕಿ ಹೇಳುವ ಸಾಧನಗಳು ಬಂದ ಮೇಲೆ ಜಾರುವಿಕೆಯೂ ಬಂತು. 1950ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಅಲನ್ ಬೇಕರ್ ಗಣಿಗಳಿಗಾಗಿ ‘ಪೆಲಿಸ್ಟರ್’ ಮಾಡಿದರು. ಕಾಯಿಸಿದ ಪುಟ್ಟ ಮಣಿಯ ಮೇಲೆ ಮೀಥೇನ್ ಉರಿಯುತ್ತದೆ. ಒಳಗಿನ ಪ್ಲಾಟಿನಂ ತಂತಿ ಇನ್ನಷ್ಟು ಬಿಸಿಯಾಗಿ ಅದರ ವಿದ್ಯುತ್ ರೋಧ ಏರುತ್ತದೆ. ಪಕ್ಕದಲ್ಲಿ ಅನಿಲ ಉರಿಸದ ಜೋಡಿ ಮಣಿ. ಸುತ್ತಲಿನ ಸೆಕೆ, ತೇವ ಎರಡನ್ನೂ ಒಂದೇ ರೀತಿ ತಟ್ಟುವುದರಿಂದ, ಒಂದರಲ್ಲಿ ಇನ್ನೊಂದನ್ನು ಕಳೆದರೆ ಉಳಿಯುವುದು ಅನಿಲದ ಪಾಲು. ಆದರೆ ಸಿಲಿಕೋನ್ ಆವಿ ತಗುಲಿದರೆ ಉರಿಸುವ ಮಣಿಯ ಶಕ್ತಿಯೇ ಕುಂದುತ್ತದೆ. ಆಗ ಯಂತ್ರ ಸೊನ್ನೆ ತೋರಿಸುತ್ತದೆ, ಮುಂದೆ ನಿಂತ ಕೆಲಸಗಾರ ಸುರಕ್ಷಿತ ಎಂದುಕೊಳ್ಳುತ್ತಾನೆ. ಆದ್ದರಿಂದಲೇ ಕೆಲಸಕ್ಕಿಳಿಯುವ ಮುನ್ನ ಗೊತ್ತಿರುವ ಅನಿಲ ಹಾಯಿಸಿ ಅಲಾರಂ ಹೊಡೆಯುತ್ತದೆಯೇ ಎಂದು ನೋಡುವ ರೂಢಿ ಬಂತು.

1962ರಲ್ಲಿ ಜಪಾನಿನ ನಾವೊಯೊಶಿ ತಾಗುಚಿ ತವರದ ಆಕ್ಸೈಡ್ ಬಳಸಿದ ಸೆನ್ಸರ್‌ಗೆ ಪೇಟೆಂಟ್ ಕೋರಿದರು. ಅಗ್ಗದ ಈ ಸೆನ್ಸರ್ ಅಡುಗೆಮನೆಯ ಗ್ಯಾಸ್ ಅಲಾರಂಗಳಿಗೆ ಹೊಕ್ಕಿತು. ಇದೇ ಬಗೆಯ 16 ಸೆನ್ಸರ್‌ಗಳನ್ನು ಕ್ಯಾಲಿಫೋರ್ನಿಯಾದ ಸಂಶೋಧಕರು 2008ರಿಂದ 2011ರವರೆಗೆ ಆರು ಅನಿಲಗಳಿಗೆ ಒಡ್ಡಿ 13,910 ಅಳತೆ ತೆಗೆದರು. ಮೊದಲ ತಿಂಗಳುಗಳಲ್ಲಿ ಅನಿಲಗಳನ್ನು ಗುರುತಿಸಲು ಕಲಿತ ಗಣಕ, ಕಾಲ ಕಳೆದಂತೆ ಹೆಚ್ಚು ಹೆಚ್ಚು ತಪ್ಪತೊಡಗಿತು. ಅನಿಲ ಅದೇ, ಮೂಗು ಮಾತ್ರ ಬದಲಾಗಿತ್ತು.

ಗಣಿತದಿಂದಲೇ ಇದನ್ನು ಸರಿಪಡಿಸಬಹುದೇ? ಒಳಾಂಗಣದ ಕೆಲವು ಕಾರ್ಬನ್ ಡೈಆಕ್ಸೈಡ್ ಸೆನ್ಸರ್‌ಗಳು ಹಾಗೆ ಮಾಡುತ್ತವೆ: ಕೆಲವು ದಿನಗಳಲ್ಲಿ ಕಂಡ ಅತಿ ಕಡಿಮೆ ಮಟ್ಟವನ್ನು ಹೊರಗಾಳಿ ಎಂದು ಭಾವಿಸಿ, ಅದನ್ನು ದಶಲಕ್ಷಕ್ಕೆ 400 ಭಾಗ ಎಂದು ಗುರುತಿಸಿಕೊಳ್ಳುತ್ತವೆ. ಆದರೆ ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಸುಮಾರು 315 ಇದ್ದ ಆ ಮಟ್ಟ ಈಗ 420 ದಾಟಿದೆ. ತಕ್ಕಡಿಯ ಮುಳ್ಳಷ್ಟೇ ಅಲ್ಲ, ತೂಕದ ಕಲ್ಲೂ ಜಾರಿದೆ.

ಹಾಗಾಗಿ ಕೊನೆಗೂ ಬೇಕಾಗುವುದು ನಂಬಬಹುದಾದ ಹೋಲಿಕೆ. ದೊಡ್ಡ ಕೇಂದ್ರಗಳ ಯಂತ್ರಕ್ಕೆ ಮೊದಲು ಶುದ್ಧಗೊಳಿಸಿದ ಗಾಳಿ ಕೊಟ್ಟು ಸೊನ್ನೆ ನೋಡುತ್ತಾರೆ. ಆಮೇಲೆ ಪ್ರಮಾಣ ಗೊತ್ತಿರುವ ಸಿಲಿಂಡರಿನ ಅನಿಲ ಕೊಟ್ಟು ಮೇಲಿನ ಅಂಕಿ ನೋಡುತ್ತಾರೆ. ಆ ಸಿಲಿಂಡರನ್ನು ಅದಕ್ಕಿಂತ ನಂಬಿಕಸ್ತ ಇನ್ನೊಂದರೊಂದಿಗೆ ಹೋಲಿಸಿರಬೇಕು. ಅಗ್ಗದ ಸೆನ್ಸರ್‌ಗಳನ್ನು ಇಂಥ ಕೇಂದ್ರದ ಪಕ್ಕದಲ್ಲೇ ವಾರಗಟ್ಟಲೆ ಇಟ್ಟು ಹೋಲಿಸುತ್ತಾರೆ. ಆದರೂ ಪುಣೆಯ ಒಣ ಜನವರಿಯಲ್ಲಿ ಕಲಿತ ಲೆಕ್ಕ ಜುಲೈನ ತೇವಕ್ಕೆ ಹೊಂದಬೇಕೆಂದಿಲ್ಲ.

ಮೌನಾ ಲೋವಾದ ಅಳತೆ ಶುರುಮಾಡಿದ ಚಾರ್ಲ್ಸ್ ಕೀಲಿಂಗ್ ತಂಡವೂ ಎಡವಿತ್ತು. ಅವರ ಮೊದಲ ಹೋಲಿಕೆ ಸಿಲಿಂಡರುಗಳಲ್ಲಿ ಕಾರ್ಬನ್ ಡೈಆಕ್ಸೈಡನ್ನು ಗಾಳಿಯ ಬದಲು ನೈಟ್ರೋಜನ್ ಜತೆ ಬೆರೆಸಲಾಗಿತ್ತು. ಅದರಿಂದ ಯಂತ್ರದ ಓದು ವ್ಯತ್ಯಾಸವಾಗುತ್ತಿತ್ತು. ಇದು ಗೊತ್ತಾದಾಗ ಹಳೆಯ ಅಂಕಿಗಳನ್ನೆಲ್ಲ ತಿದ್ದಲು ಸಾಧ್ಯವಾಯಿತು, ಏಕೆಂದರೆ ಯಂತ್ರ ಮೊದಲು ಹೇಳಿದ್ದು, ಹೋಲಿಸಿದ ಅನಿಲ, ಹೋಲಿಸಿದ ದಿನ ಎಲ್ಲವೂ ದಾಖಲಾಗಿದ್ದವು. ಅಂಗೈಯ ಫೋನಿನಲ್ಲಿ ಗಾಳಿಯ ಅಂಕಿ ಸಿಗುವ ಈ ಕಾಲದಲ್ಲಿ ಕಾಣದೆ ಉಳಿಯುವುದು ಆ ದಾಖಲೆಯೇ. ತಿದ್ದಿದ ಅಂಕಿಯ ಪಕ್ಕದಲ್ಲಿ ತಿದ್ದದ ಅಂಕಿಯೂ ಉಳಿದರೆ ಮಾತ್ರ, ಭೋಸರಿಯ ಗಾಳಿ ನಿಜಕ್ಕೂ ಸುಧಾರಿಸಿತೇ ಎಂದು ಮುಂದಿನವರು ಕೇಳಬಲ್ಲರು.