ಪ್ರಾಮಾಣಿಕನೆಂದರೆ

ಯಾರನ್ನಾದರೂ "ಬಹಳ ಪ್ರಾಮಾಣಿಕ" ಎಂದು ಇಂದು ಹೊಗಳಿದರೆ, ಆತ ಲಂಚ ಮುಟ್ಟುವವನಲ್ಲ, ಪರರ ಗಂಟಿಗೆ ಕೈ ಹಾಕುವವನಲ್ಲ ಎಂದಷ್ಟೇ ಗ್ರಹಿಸಿ ನಾವು ತೃಪ್ತರಾಗುತ್ತೇವೆ. ಪ್ರಮಾಣದಿಂದ ಹುಟ್ಟಿದ ಈ ಪದದ ಬಾಳು ಇದಕ್ಕಿಂತ ವಿಸ್ತಾರವಾದುದು: ನೈಯಾಯಿಕರಿಗೆ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳೆಂಬ ನಾಲ್ಕೂ ಪ್ರಮಾಣಗಳು, ನಿಜವನ್ನರಿಯುವ ಸಾಧನಗಳು, ನ್ಯಾಯಸ್ಥಾನದಲ್ಲಿ ನಿಂತವನಿಗೆ ಪ್ರಮಾಣವೆಂಬುದು ಆಣೆ, ಒಕ್ಕಲಿಗನಿಗಾದರೋ ಅದು ಅಳತೆ, ಮಳೆಯ ಪ್ರಮಾಣವೆಷ್ಟು, ಕೆರೆಯಲ್ಲಿ ನಿಂತ ನೀರಿನ ಪ್ರಮಾಣವೆಷ್ಟು ಎಂಬ ಲೆಕ್ಕ. ಹತ್ತು ಜನರಿಗೆ ಮುಂದಾಳಾದವನಿಗೆ ಈ ಕಡೆಯ ಅರ್ಥವೇ ಹೆಚ್ಚು ಸಲ್ಲತಕ್ಕದ್ದೆಂದು ನನ್ನ ಎಣಿಕೆ.

ಕುಣಿಗಲಿನ ಕೆರೆಯ ಚೆಲುವು ಜನಪದರ ಹಾಡಿನಿಂದ ಕನ್ನಡನಾಡಿಗೆಲ್ಲ ಪರಿಚಿತ. ಅಂತಹ ಕೆರೆಯ ಮಾತು ಬಂದಾಗ ನನಗೆ ನೆನಪಾಗುವವನು ನೀರುಗಂಟಿ. ತೂಬನ್ನೆತ್ತಿ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವ ಆತ, ಕೆರೆ ಅರ್ಧವೇ ತುಂಬಿದ ವರ್ಷ, ಈ ನೀರು ರಾಗಿಗಾದೀತು, ಬತ್ತಕ್ಕಾಗದು ಎಂದು ಬಾಯಿಬಿಟ್ಟು ಹೇಳಬೇಕಾದವನು. ಎದುರಿಗೆ ನಿಂತ ರೈತರ ಮುಖ ನೋಡಿ ಮನ ಕರಗಿ, ಹಿಂಗಾರು ಹೇಗೂ ಬರುತ್ತದೆಂದು ಮೊದಲು ತನ್ನನ್ನೂ ಬಳಿಕ ಅವರನ್ನೂ ನಂಬಿಸಿಬಿಟ್ಟನಾದರೆ, ಪೈರಿಗೆ ಹೊಡೆ ಬರುವ ಹೊತ್ತಿಗೆ ತೂಬಿನ ಬಾಯಿ ಒಣಗಿರುತ್ತದೆ. ಯಾರಿಂದಲೂ ಒಂದು ಕಾಸನ್ನೂ ಪಡೆಯದ ಈ ಮೃದುಹೃದಯನನ್ನು ಊರು ಪ್ರಾಮಾಣಿಕನೆಂದೇ ಕರೆದೀತು; ಅಳತೆಯನ್ನು ಮರೆಸಿದವನಿಗೆ ಆ ಹೆಸರನ್ನು ಕೊಡಲು ನಾನೊಪ್ಪೆನು.

ಪರರಿಗೆ ಸುಳ್ಳಾಡುವಾಗ ನಾಲಗೆ ತಡವರಿಸುವುದುಂಟು. ತನಗೆ ತಾನೇ ಹೇಳಿಕೊಳ್ಳುವಾಗ ತಡೆಯುವವರಾರು? ಅಂತಹ ತಡೆಯೊಂದು ವಚನಕಾರರಿಗಿತ್ತು. ಕುಣಿಗಲು ತಾಲ್ಲೂಕಿನದೇ ಆದ ಎಡೆಯೂರಿನಲ್ಲಿ ನೆಲೆಗೊಂಡ ತೋಂಟದ ಸಿದ್ಧಲಿಂಗ ಯತಿಗಳು 701 ವಿರಕ್ತರ ಸಮೂಹವನ್ನು ಮುನ್ನಡೆಸಿದರೆಂದು ಸಂಪ್ರದಾಯ ಹೇಳುತ್ತದೆ. ಅವರ 'ಷಟ್‌ಸ್ಥಲ ಜ್ಞಾನಸಾರಾಮೃತ'ದ ವಚನಗಳೂ 701. ವಚನವು ಇಷ್ಟದೈವದ ಅಂಕಿತದಲ್ಲಿ ಮುಗಿಯುವುದರಿಂದ, ಆಡಿದ ಮಾತಿಗೆ ಮರುಳಾಗದ ಸಾಕ್ಷಿಯೊಬ್ಬನು ಸದಾ ಎದುರಿಗೆ ಕುಳಿತಿರುತ್ತಾನೆ. ಕಚೇರಿಯ ವರದಿಗಳ ಕೆಳಗೆ ನಾವಾದರೋ ನಮ್ಮದೇ ಹೆಸರನ್ನು ರುಜು ಮಾಡುತ್ತೇವೆ, ಸಾಕ್ಷಿಗೂ ನಾವೇ ಸಾಕೆಂಬಂತೆ!

ಹೇಮಾವತಿ ನದಿಯ ನೀರು ಯಾರ ಪಾಲಿಗೆಷ್ಟೆಂದು, ಅದನ್ನು ಕುಣಿಗಲಿನತ್ತ ಒಯ್ಯುವ ಲಿಂಕ್ ಕಾಲುವೆಯ ನಿಮಿತ್ತ ಕುಣಿಗಲಿನವರಿಗೂ ಗುಬ್ಬಿಯವರಿಗೂ ವಾದವೆದ್ದಿರುವ ಈ ಕಾಲದಲ್ಲಿ, ಎರಡೂ ಕಡೆಯ ಮುಖಂಡರು ತಂತಮ್ಮ ಜನರೆದುರು, ಕಾಲುವೆಯಲ್ಲಿ ನಿಜವಾಗಿ ಹರಿಯುವ ನೀರಿನ ಪ್ರಮಾಣವನ್ನು ಓದಿ ಹೇಳುವ ಸಭೆಯೊಂದು ನಡೆಯುವುದಾದರೆ, ಹಿಂದಿನ ಸಾಲಿನಲ್ಲಾದರೂ ಕುಳಿತು ಕೇಳಬೇಕೆಂಬ ಆಸೆ ನನಗಿದೆ.