ವಿಶ್ವವಿದ್ಯಾಲಯ ಸಿಬ್ಬಂದಿಯ ಡಿಜಿಟಲ್ ಕೌಶಲ

ಬೋಧನೆ, ಪರೀಕ್ಷೆ, ಸಂಶೋಧನೆ ಮತ್ತು ಆಡಳಿತದಲ್ಲಿ ಗಣಕ ಸಾಧನಗಳನ್ನು ವಿವೇಚನೆಯಿಂದ ಬಳಸುವ ಸಾಮರ್ಥ್ಯ. ಯುರೋಪಿಯನ್ ಆಯೋಗದ 2017ರ ಡಿಜ್‌ಕಾಂಪ್‌ಎಜು ಚೌಕಟ್ಟು ಬೋಧಕರಿಗೆ ಬೇಕಾದ 22 ಸಾಮರ್ಥ್ಯಗಳನ್ನು 6 ವಿಭಾಗಗಳಲ್ಲಿ ಗುರುತಿಸುತ್ತದೆ. ತಂತ್ರಾಂಶ ನಡೆಸುವುದಕ್ಕಿಂತ ಅದನ್ನು ಕಲಿಕೆಗೆ ಒದಗಿಸುವುದಕ್ಕೆ ಅಲ್ಲಿ ಒತ್ತು ಹೆಚ್ಚು. ಕರ್ನಾಟಕದಲ್ಲಿ ಪ್ರವೇಶ, ಪರೀಕ್ಷೆ, ಫಲಿತಾಂಶಗಳು ಯುಯುಸಿಎಂಎಸ್ ಎಂಬ ಏಕೀಕೃತ ವ್ಯವಸ್ಥೆಗೆ ಸೇರಿದ ಮೇಲೆ ಬೋಧಕೇತರ ಸಿಬ್ಬಂದಿಗೂ ಈ ವಿವೇಚನೆ ಅಷ್ಟೇ ಅಗತ್ಯವಾಗಿದೆ. ವಿದ್ಯಾರ್ಥಿಯ ಹೆಸರಿನ ಒಂದಕ್ಷರ ತಪ್ಪಾಗಿ ದಾಖಲಾದರೂ ಆ ತಪ್ಪು ಅಂಕಪಟ್ಟಿಯಿಂದ ಡಿಜಿಲಾಕರ್‌ವರೆಗೆ ಸಾಗಬಲ್ಲದು. ಹಳೆಯ ಆಸ್ಕಿ ಆಧಾರಿತ ನುಡಿ ಫಾಂಟ್‌ನಲ್ಲಿ ಬೆರಳಚ್ಚಿಸಿದ ಸುತ್ತೋಲೆ, ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗುತ್ತದೆ, ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲ. ಯೂನಿಕೋಡ್ ಬಳಸಿದರೆ ಈ ತೊಡಕಿಲ್ಲ.

ಇಂಥ ಕೆಲಸವನ್ನು ಹೊರಗುತ್ತಿಗೆಗೆ ಕೊಟ್ಟರೆ ಸಾಕು ಎಂಬ ವಾದವಿದೆ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ದತ್ತಾಂಶದ ಹೊಣೆಯನ್ನು ಗುತ್ತಿಗೆದಾರರಿಗೆ ವರ್ಗಾಯಿಸದೆ ಸಂಸ್ಥೆಯ ಮೇಲೆಯೇ ಇರಿಸುತ್ತದೆ. ಹಿರಿಯ ನೌಕರರಿಗೆ ಇದೆಲ್ಲ ಹೊರೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಅದಕ್ಕೆ ಪರಿಹಾರ ವಿನಾಯಿತಿಯಲ್ಲ, ಕೆಲಸದ ವೇಳೆಯಲ್ಲೇ, ಕನ್ನಡದಲ್ಲೇ ನಡೆಯುವ ನಿರಂತರ ತರಬೇತಿ. ಕಡತದ ನಿಯಮಗಳನ್ನು ಬಲ್ಲ ಅವರ ಅನುಭವ ಜೊತೆಗೂಡಿದರೆ ಮಾತ್ರ ಯಾವ ತಂತ್ರಾಂಶವಾದರೂ ವಿದ್ಯಾರ್ಥಿಗೆ ನ್ಯಾಯ ಒದಗಿಸೀತು.